ಅಧ್ಯಕ್ಷರ ಎಡಗಾಲು

ಪಾಂಡವಪುರದ ಕಡೆ ಹಾಲಿನ ಸೊಸೈಟಿ ಅಧ್ಯಕ್ಷ ಪುಟ್ಟಮಾದೇಗೌಡ ಹೈಬ್ರಿಡ್ ಕಾರು ತಂದು ತಿಂಗಳಾಗಿರಲಿಲ್ಲ. ಸೀಟಿನ ಪ್ಲಾಸ್ಟಿಕ್ಕೂ ತೆಗೆದಿರಲಿಲ್ಲ. ಅಷ್ಟರಲ್ಲೇ ಸ್ಟೀರಿಂಗ್ ಮುಂದಿನ ಮೀಟರಿನಲ್ಲಿ ಬ್ರೇಕಿನ ಕೆಂಪು ದೀಪ ಹತ್ತೋಕೆ ಶುರುವಾಯ್ತು. ಎಂಥಾ ಕೆಂಪು ಅಂತೀರಿ! ಆ ಬೆಳಕಿಗೆ ಪಕ್ಕದ ತೋಟದ ಟೊಮೇಟೊ ಎಲ್ಲ ಹಣ್ಣಾಗಿಬಿಡ್ತಂತೆ.

“ಲೇ ಸಿದ್ದಪ್ಪಾಜಿ, ನೀನೇ ಕೆಡಿಸಿದ್ದು,” ಅಂತ ಗೌಡ ಡ್ರೈವರಿಗೆ ಗದರಿದ. “ನಾಳೆ ಬೀಗರ ಮನೆಗೆ ಹೋಗುವಾಗ ದೀಪ ಹತ್ತಿದ್ರೆ ನಿನಗೆ ಕೆಲಸ ಇಲ್ಲ.”

ಸಿದ್ದಪ್ಪಾಜಿ ಓಡಿಸಿದ. ದೀಪ ಹತ್ತಲಿಲ್ಲ. ಗೌಡ ಓಡಿಸಿದ. ಹತ್ತಿತು. ಪಕ್ಕದಲ್ಲಿ ಕೂತಿದ್ದ ಸಿದ್ದಪ್ಪಾಜಿ ಮೆಲ್ಲಗೆ ಬಗ್ಗಿ ನೋಡಿದ. ಈ ಕಾರಿಗೆ ಕ್ಲಚ್ಚೇ ಇಲ್ಲ. ಆ ಜಾಗದಲ್ಲಿ ಇರೋದು, ಗಾಡಿ ನಿಲ್ಲಿಸಿದಾಗ ಒತ್ತೋ ಪಾರ್ಕಿಂಗ್ ಬ್ರೇಕು. ಮೂವತ್ತು ವರ್ಷ ಜೀಪು ಓಡಿಸಿದ ಗೌಡನ ಎಡಗಾಲು ಅದನ್ನೇ ಕ್ಲಚ್ಚು ಅಂತ ಒತ್ತುತ್ತಿತ್ತು, ಒತ್ತಿದಾಗೆಲ್ಲ ದೀಪ ಹತ್ತುತ್ತಿತ್ತು. ಆದ್ರೆ ‘ತಪ್ಪು ನಿಮ್ಮ ಕಾಲಿನದು’ ಅಂತ ಗೌಡನಿಗೆ ಹೇಳಿ ಊರಲ್ಲಿ ಉಳಿದೋರು ಯಾರು?

ಮಾರನೇ ಬೆಳಿಗ್ಗೆ ಗೌಡ ತಾನೇ ಓಡಿಸೋಕೆ ಕಾರು ಹತ್ತಿ ಎಡಗಾಲು ಎತ್ತಿದ. ಸೊಸೈಟಿ ಕ್ಯಾಲೆಂಡರಿನಿಂದ ಕತ್ತರಿಸಿದ ಅವನದೇ ಮುಖ ಆ ಪೆಡಲಿನ ಮೇಲೆ ಹಲ್ಲು ಬಿಡ್ತಿತ್ತು.

“ಇದೇನ್ಲಾ, ನನ್ ಮುಖ ಇಲ್ಲಿ?”

“ದೀಪ ನಿಮಗೆ ಹೆದರ್ಲಿ ಅಂತ ಅಣ್ಣಾ. ಕಾಲು ಮಾತ್ರ ತಾಗಿಸಬೇಡಿ, ನಿಮ್ಮ ಮುಖಕ್ಕೆ ನೀವೇ ಒದ್ದಂಗಾಯ್ತದೆ.”

ಗೌಡ ಗಾಬರಿಯಾಗಿ ಕಾಲನ್ನ ಸೀಟಿನಡಿಗೆ ಎಳ್ಕೊಂಡ. ಬೀಗರ ಮನೆ ಬಾಗಿಲವರೆಗೂ ದೀಪ ಹತ್ತಲೇ ಇಲ್ಲ.

ಇಳೀತಾ ಗೌಡ ಮೀಸೆ ತಿರುವಿದ. “ನೋಡಿದ್ಯೇನ್ಲಾ ನನ್ ಮುಖದ ತಾಕತ್ತು? ನಾಳೆ ಟ್ರ್ಯಾಕ್ಟರಿಗೂ ಒಂದು ಅಂಟಿಸ್ಬಿಡು.”

“ಬ್ಯಾಡಿ ಅಣ್ಣಾ, ಅದು ಆಗ್ಲೇ ಹೆದರಿದೆ,” ಅಂದ ಸಿದ್ದಪ್ಪಾಜಿ.

ಟ್ರ್ಯಾಕ್ಟರಿಗೆ ಕ್ಲಚ್ಚು ಒತ್ತಲೇಬೇಕಲ್ಲ!