ಅಜ್ಜಾರ ಎಡಗಣ್ಣು

ಮೈಮೇಲೆ ಕಾವಿ, ಬೆರಳೆಲ್ಲ ಕೆಂಪು. ಬಲಗಣ್ಣು ನಗುತ್ತದೆ, ಎಡಗಣ್ಣು ಅಳುತ್ತದೆ. ಯಾರಿವರು, ಅಳುವುದು ಯಾಕೆ? ಹೇಳಿ ನೋಡೋಣ. ಆಗಲಿಲ್ಲವೇ? ಬಿಡಿ, ನಮ್ಮೂರಿನ ದೊಡ್ಡ ದೊಡ್ಡ ಭಕ್ತರಿಗೇ ಆಗಲಿಲ್ಲ. ಅವರು ಅದನ್ನು ಸಮಾಧಿಯ ಆನಂದಬಾಷ್ಪವೆಂದು ಕೈಮುಗಿದರು. ಆನಂದ ಒಂದೇ ಕಣ್ಣಿಗೆ ಹೇಗೆ ಬಂತೆಂದು ಯಾರೂ ಕೇಳಲಿಲ್ಲ.

ಪೂಜ್ಯ ಶ್ರೀ ನಿರಾಮಯಾನಂದ ಯೋಗಿಗಳು ವಾಸವಾಗಿದ್ದುದು ನಮ್ಮ ಮೆಣಸಿನಕಾಯಿ ಪೇಟೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ. ನಾವೆಲ್ಲ ಅಜ್ಜಾರು ಎನ್ನುತ್ತೇವೆ. ಬೆಳಿಗ್ಗೆ ಹಮಾಲರ ಬೆನ್ನು ನೆಟ್ಟಗಾಗಲು ಆಸನ ಹೇಳಿಕೊಡುವರು, ಘಾಟಿಗೆ ಕಟ್ಟಿದ ಎದೆ ಸಡಿಲಾಗಲು ಉಸಿರಾಟ ಕಲಿಸುವರು. ಪೇಟೆಯವರ ಬಾಯಲ್ಲಿ ಮುದಕ್ಯಾ ಆದ ನಾನು ಏಳನೇ ತರಗತಿಗೆ ಸಾಲಿ ಬಿಟ್ಟು ಅಲ್ಲೇ ಚೀಲ ಹೊಲಿಯುತ್ತೇನೆ. ಅಜ್ಜಾರು ಶವಾಸನದಲ್ಲಿದ್ದಾಗ "ಅಜ್ಜಾರು ಹೋದ್ರೋ!" ಎಂದು ಕೂಗಿ ಇಡೀ ಪೇಟೆ ಕೂಡಿಸಿದವನೂ ನಾನೇ. ಅವರು ಎದ್ದು ಕೂತು, "ಹೂವಿನ ಹಾರ ತಂದೀರೇನು?" ಎಂದು ಕೇಳಿದರು.

ಒಂದು ದಿನ ಫಕೀರವ್ವ ಅಳುತ್ತ ಬಂದಳು. ಇಪ್ಪತ್ತು ವರ್ಷದಿಂದ ಮೆಣಸಿನಕಾಯಿ ತೊಟ್ಟು ಬಿಡಿಸಿದ ಕೈ ಅವಳದು. ಮಗಳು ರೇಣವ್ವ ಹಡೆದು ಮೂರು ದಿನ. ಅಜ್ಜಿ ಕೂಸಿನ ಗಲ್ಲ ಸವರಿದ್ದೇ ತಡ, ಗಲ್ಲ ಕೆಂಪೇರಿ ಕೂಸು ಚೀರಿತು. "ಅವ್ವಾ, ಮುಟ್ಟಬ್ಯಾಡ" ಎಂದಳಂತೆ ಮಗಳು.

"ಹದಿಮೂರನೇ ದಿನ ತೊಟ್ಟಿಲಿಗೆ ಹಾಕೋದೈತ್ರಿ ಅಜ್ಜಾರ. ನನ್ನ ಮೊಮ್ಮಗಳನ್ನ ನಾನ ಎತ್ತಿಕೊಳ್ಳಬಾರದೇನ್ರಿ?"

ನೀರಲ್ಲಿ ತಿಕ್ಕಿ ತಿಕ್ಕಿ ತೊಳೆದು ಅವಳು ಉರಿಯನ್ನು ಮೊಳಕೈತನಕ ಹಬ್ಬಿಸಿಕೊಂಡಿದ್ದಳು. ಅಜ್ಜಾರು ಕುಸುಬಿ ಎಣ್ಣೆ ತರಿಸಿ ಅವಳ ಕೈ ತಾವೇ ತಿಕ್ಕಿದರು, ಕಡಲೆಹಿಟ್ಟು ಹಚ್ಚಿ ತೊಳೆದರು. "ಇನ್ನ ಕಾಯಿ ಮುಟ್ಟಬ್ಯಾಡ. ನಿನ್ನ ರಾಶಿ ನಾ ಬಿಡಸ್ತೀನಿ" ಎಂದು ಹೆಂಗಸರ ಸಾಲಿನಲ್ಲಿ ಅವಳ ಜಾಗದಲ್ಲೇ ಕೂತರು. ಸಂಜೆ ಅವಳನ್ನು ಕರೆದು ಮುಖ ಮುಂದೆ ಮಾಡಿದರು.

"ನನ್ನ ಕಣ್ಣಿಗೆ ಕೈ ಹಚ್ಚು. ಉರಿ ಹೋಗೇತೋ ಇಲ್ಲೋ ನೋಡೂಣು."

"ಅಯ್ಯ ಶಿವನ! ಸ್ವಾಮಿಗಳ ಕಣ್ಣಿಗಾ?"

"ಕೂಸಿನ ಗಲ್ಲಕ್ಕಿಂತ ಇದು ಹೆಚ್ಚಿಂದೇನಲ್ಲ. ಹಚ್ಚವ್ವಾ."

ಹಚ್ಚಿದಳು. ಎಡಗಣ್ಣಿಂದ ದಳದಳ ನೀರು. "ಇನ್ನೂ ಐತಿ" ಎಂದು ಅಜ್ಜಾರು ನಕ್ಕರು. ಮರುದಿನ ಮತ್ತೆ ಎಣ್ಣೆ, ಮತ್ತೆ ಹಿಟ್ಟು, ಮತ್ತೆ ಅದೇ ಕಣ್ಣು. ಭಕ್ತರು ಕಂಡ ಆನಂದಬಾಷ್ಪ ಇದೇ.

ಐದನೆಯ ಸಂಜೆ ಕಣ್ಣಲ್ಲಿ ಹನಿ ನೀರು ಬರಲಿಲ್ಲ. ಫಕೀರವ್ವ ಆಗಲೇ ಸೆರಗು ಸೊಂಟಕ್ಕೆ ಸಿಗಿಸಿ ಮನೆಗೆ ಓಡಲು ನಿಂತಳು. ನನಗೆ ಬಾಯಿ ತಡೆಯಲಿಲ್ಲ.

"ಅಜ್ಜಾರ, ಉರಿ ಹೋಗಿಲ್ಲ. ನಿಮ್ಮ ಕಣ್ಣ ಸತ್ತೈತಿ. ದಿನಾ ಮೆಣಸಿನಕಾಯಿ ತಿಂದ್ರ ನಾಲಿಗಿಗೆ ಖಾರ ಹತ್ತತೈತೇನು?"

"ಲೇ ಮುದಕ್ಯಾ, ಬಾಯಿ ಮುಚ್ಚು!" ಎಂದು ಹೆಂಗಸರೆಲ್ಲ ಬೈದರು. ಅಜ್ಜಾರು ಬೈಯಲಿಲ್ಲ. "ಹೌದಲ್ಲೋ" ಎಂದರು. ಆಮೇಲೆ, "ಹಂಗಾದ್ರ ನಿನ್ನ ಕಣ್ಣ ಕೊಡು."

ಓಡಿಹೋಗಬಹುದಿತ್ತು. ಆದರೆ ಫಕೀರವ್ವ ನನ್ನನ್ನೇ ನೋಡುತ್ತಿದ್ದಳು. ಕೊಟ್ಟೆ. ಅಬ್ಬಾ! ನಾನು ಕುಣಿದ ಕುಣಿತ ಪೇಟೆಯವರು ಇಂದಿಗೂ ಮಾಡಿ ತೋರಿಸುತ್ತಾರೆ. ಆ ಉರಿಯನ್ನು ಅಜ್ಜಾರು ನಗುತ್ತ ದಿನವೂ ಉಂಡಿದ್ದರು. ನಾನು ಒದ್ದೆ ಮುಖದಲ್ಲೇ ಹೋಗಿ ಅವರ ಕಾಲು ಹಿಡಿದೆ. ಅವರು ನನ್ನ ಕಣ್ಣಿಗೆ ಹಾಲಿನ ಬಟ್ಟೆ ಇಟ್ಟು, "ಇವತ್ತ ನಿನ್ನ ಚಾಷ್ಟಿ ಮಾತ ಒಂದ ಕೂಸನ್ನ ಉಳಿಸ್ತು" ಎಂದರು. ಮುಂದಿನ ನಾಲ್ಕು ಸಂಜೆ ಕರೆಯದೆಯೇ ಕಣ್ಣು ಕೊಟ್ಟೆ, ಒಂದೇ ಕಣ್ಣು ಸಾಯದಿರಲೆಂದು ಒಮ್ಮೆ ಎಡ, ಒಮ್ಮೆ ಬಲ. ಕೊನೆಯ ಸಂಜೆ ಅವಳ ಬೆರಳು ಬರೀ ತಣ್ಣಗಿತ್ತು.

ಹದಿಮೂರನೆಯ ದಿನ ಫಕೀರವ್ವ ಏನನ್ನೂ ಮುಟ್ಟದೆ, ಎರಡೂ ಕೈ ಮೇಲೆತ್ತಿಕೊಂಡೇ ಓಣಿಯುದ್ದಕ್ಕೂ ನಡೆದಳು. ಬಾಗಿಲನ್ನು ಮೊಳಕೈಯಿಂದ ತಳ್ಳಿ ಒಳಹೊಕ್ಕಳು. ಕೂಸು ಅಜ್ಜಿಯ ಬೆರಳು ಹಿಡಿದು ನಕ್ಕಿತು. ಅದನ್ನು ಕಂಡು ಅಜ್ಜಾರ ಎರಡೂ ಕಣ್ಣಲ್ಲಿ ನೀರು ಬಂತು.

ಇಲ್ಲ. ಆ ನಗು ನಾನು ಕಟ್ಟಿದ್ದು, ಎರಡು ಕಣ್ಣಿನ ನೀರೂ ನಾನೇ ಕಟ್ಟಿದ್ದು. ಗಂಡಸರನ್ನು ಒಳಗೆ ಬಿಡಲಿಲ್ಲ. ಅಜ್ಜಾರು ಅಲ್ಲಿಗೆ ಬಂದೇ ಇರಲಿಲ್ಲ, ಫಕೀರವ್ವನ ರಾಶಿ ಬಿಡಿಸುತ್ತ ಕೂತಿದ್ದರು. ನಾನು ಮುಚ್ಚಿದ ಬಾಗಿಲಿಗೆ ಕಿವಿಯಿಟ್ಟು ಬಹಳ ಹೊತ್ತು ನಿಂತೆ. ಕೂಸು ಅಳಲಿಲ್ಲ. ಅಷ್ಟು ಖರೆ.