ನೀಲಿಕಲ್ಲಿಗೆ ನೂಲು ಬಂದದ್ದು

ಮೂರನೆಯ ಅಲೆಗೆ ಬಾಯಿ ಮುಚ್ಚಬೇಕು.

ಲೋಕ ಇನ್ನೂ ಹೊಸದಾಗಿದ್ದಾಗ ಕಡಲ ದಡದ ಬಂಡೆಗಳ ಮೇಲೆ ಕೂತ ಚಿಪ್ಪಿನ ಜೀವಗಳಿಗೆ ಇದ್ದದ್ದು ಇದೊಂದೇ ನಿಯಮ. ಮೊದಲ ಅಲೆಗೆ ಬಾಯಿ ತೆರೆ, ಉಣ್ಣು. ಎರಡನೆಯ ಅಲೆಗೂ ತೆರೆ, ಉಣ್ಣು. ಮೂರನೆಯದು ಬಂಡೆಯ ಹಿಂದೆ ಕೂತವರದು. ಅದನ್ನು ಹಾಗೇ ಹೋಗಲು ಬಿಡು. ಇದನ್ನು ಪಾಲಿಸಲು ದೊಡ್ಡ ವಿದ್ಯೆಯೇನೂ ಬೇಕಿರಲಿಲ್ಲ. ಮೂರರವರೆಗೆ ಎಣಿಸಲು ಬಂದರೆ ಸಾಕಿತ್ತು. ಆದರೂ ಎಲ್ಲರೂ ಅದನ್ನು ಮುರಿದರು.

ಆಗ ಮರಳು ಇನ್ನೂ ಕಲ್ಲಾಗಿತ್ತು. ನದಿಗಳು ಯಾವ ದಾರಿಯಲ್ಲಿ ಕಡಲಿಗೆ ಇಳಿಯುವುದೆಂದು ಬೆಟ್ಟಗಳನ್ನು ಕೇಳುತ್ತಿದ್ದವು. ಆ ಕಾಲದಲ್ಲಿ ಕಡಲಂಚಿಗೆ ಒಂದು ಕರಿಬಂಡೆ. ಅದರ ಮುಂಬದಿಗೆ ಅಲೆ ಬಡಿಯುತ್ತಿತ್ತು. ಹಿಂಬದಿಗೆ ನೆರಳು ಬಿದ್ದ ಒಂದು ಸಣ್ಣ ಹೊಂಡ. ಮುಂದಿನ ನೀರು ಹಿಂದಕ್ಕೆ ಹೋಗಲು ನಡುವೆ ಒಂದೇ ಒಂದು ಬಿರುಕು.

ಬಿರುಕಿನ ಬಾಯಲ್ಲಿ ಕುಸ್ಲಿ ಎಂಬ ನೀಲಿಕಲ್ಲು ಕೂತಿದ್ದಳು. ನೀಲಿಕಲ್ಲು ಅಂದರೆ ಕಲ್ಲಲ್ಲ; ಎರಡು ಚಿಪ್ಪಿನ ನಡುವೆ ಬದುಕುವ ಜೀವ, ಚಿಪ್ಪಿನ ಬಣ್ಣ ಕಪ್ಪು, ಹಸಿರು, ನೀಲಿ ಮೂರೂ ಕಲೆತದ್ದು. ಹಿಂದಿನ ಹೊಂಡದಲ್ಲಿ ಅವಳ ತಂಗಿ ನಾಗಿ. ಇಬ್ಬರೂ ಎಳ್ಳಿಗಿಂತ ಚಿಕ್ಕವರಾಗಿದ್ದಾಗ ಒಬ್ಬರಿಗೊಬ್ಬರು ಒತ್ತಿಕೊಂಡು ಕಡಲಲ್ಲಿ ತೇಲಿದವರು. ಒಂದು ಅಲೆ ಇಬ್ಬರನ್ನೂ ಬಂಡೆಗೆ ಎಸೆಯಿತು. ಕುಸ್ಲಿ ಬಿರುಕಿನ ಬಾಯಲ್ಲಿ ಸಿಕ್ಕಿಕೊಂಡಳು. ನಾಗಿ ಜಾರಿ ಆಚೆ ಬಿದ್ದಳು. ಆಗ ನೀಲಿಕಲ್ಲುಗಳಿಗೆ ಬಂಡೆಗೆ ಕಟ್ಟಿಕೊಳ್ಳುವ ನೂಲಿರಲಿಲ್ಲ. ಇದ್ದ ಒಂದು ಕಾಲನ್ನು ಕಲ್ಲಿಗೆ ಒತ್ತಿ ಬಿದ್ದಲ್ಲೇ ಇರಬೇಕು. ಕಾಲೆತ್ತಿದರೆ ಕಡಲಪಾಲು.

ಅಂದಿನಿಂದ ಅಕ್ಕ ತಂಗಿ ಒಬ್ಬರನ್ನೊಬ್ಬರು ಮುಟ್ಟಿರಲಿಲ್ಲ. ಆದರೆ ಮೂರನೆಯ ಅಲೆ ಹಿಂದಕ್ಕೆ ಹೋಗಿ, ಹೊಂಡ ತುಂಬಿ, ನೀರು ತಿರುಗಿ ಬರುವಾಗ ನಾಗಿ ತನ್ನ ಚಿಪ್ಪುಗಳನ್ನು ಬಡಿಯುತ್ತಿದ್ದಳು.

ಟಕ್, ಟಕ್.

ಉಂಡೆ ಅಕ್ಕಾ, ಎಂದು ಅರ್ಥ. ಕುಸ್ಲಿಯೂ ಟಕ್, ಟಕ್ ಎನ್ನುತ್ತಿದ್ದಳು. ಒತ್ತಿಕೊಂಡು ತೇಲಿದವರಿಗೆ ಅಷ್ಟು ಸಾಲದು. ಆದರೆ ಇದ್ದದ್ದು ಅಷ್ಟೇ.

ಬಂಡೆಯ ಈಚೆಗೂ ಆಚೆಗೂ ಓಡಾಡಬಲ್ಲವನು ಹಮ್ಮಣ್ಣನೆಂಬ ಏಡಿ ಒಬ್ಬನೇ. ಅವನು ಹಾದುಹೋದಾಗಲೆಲ್ಲ ಕುಸ್ಲಿ ಕೇಳುತ್ತಿದ್ದಳು:

"ಹಮ್ಮಣ್ಣಾ, ನಮ್ಮ ನಾಗಿ ನೋಡೋಕೆ ಹೇಗಿದ್ದಾಳೆ?"

"ನಿನ್ನ ಹಾಗೇ. ಸ್ವಲ್ಪ ಚಂದ, ಅಷ್ಟೇ ವ್ಯತ್ಯಾಸ."

"ನನ್ನ ಸುದ್ದಿ ಕೇಳ್ತಾಳಾ?"

"ದಿನಾ ಕೇಳ್ತಾಳೆ ಮಾರಾಯ್ತಿ. ನಿಮ್ಮಿಬ್ಬರ ಸುದ್ದಿ ಹೊತ್ತು ಹೊತ್ತು ನನ್ನ ನಡಿಗೆಯೇ ಅಡ್ಡ ಆಗಿ ಹೋಯ್ತು!"

ಹೀಗಿರುವಾಗ ಮೂಡಣ ದಿಕ್ಕಿನ ಉರಿಗುಡ್ಡ ಹೊಗೆಯಾಡತೊಡಗಿತು. ಒಂದು ದಿನವಲ್ಲ, ಎರಡು ದಿನವಲ್ಲ. ಹೊಗೆ ಆಕಾಶಕ್ಕೇರಿ ಅಲ್ಲೇ ಕೂತಿತು. ಗಾಳಿ ಹೊಗೆಯನ್ನು ಹೊತ್ತುಕೊಂಡು ಕಡಲ ಬಳಿಗೆ ಬಂತು.

"ಕಡಲಮ್ಮಾ, ಇದನ್ನು ಎಲ್ಲಿ ಇಳಿಸಲಿ? ಆಕಾಶ ಕೆಮ್ಮಿ ಕೆಮ್ಮಿ ಸೋತಿದೆ."

"ಇಲ್ಲಿ ಕೊಡು ಮಗಾ. ನನ್ನ ಹೊಟ್ಟೆ ದೊಡ್ಡದು," ಎಂದಳು ಕಡಲಮ್ಮ. ನುಂಗಿದಳು.

ಮರುದಿನವೂ ಗಾಳಿ ತಂದಿತು, ಮರುದಿನವೂ ನುಂಗಿದಳು. ಇನ್ನೆಷ್ಟಿದೆ ಎಂದು ಅವಳು ಕೇಳಲಿಲ್ಲ. ನಿಲ್ಲಿಸು ಎಂದು ಯಾರೂ ಗುಡ್ಡಕ್ಕೆ ಹೇಳಲಿಲ್ಲ. ನುಂಗಿ ನುಂಗಿ ಕಡಲಮ್ಮನ ಹೊಟ್ಟೆ ಹುಳಿಯಾಯಿತು.

ಹುಣಸೆಯ ಹುಳಿಯಲ್ಲ ಅದು, ಮಾವಿನಕಾಯಿಯ ಹುಳಿಯಲ್ಲ. ನಾಲಿಗೆಗೆ ತಿಳಿಯದ ಹುಳಿ. ಚಿಪ್ಪಿಗೆ ಮಾತ್ರ ತಿಳಿಯುತ್ತಿತ್ತು. ಬೆಳಿಗ್ಗೆ ಕೂದಲೆಳೆಯಷ್ಟು ಚಿಪ್ಪಿನ ಗೋಡೆ ಕಟ್ಟಿದರೆ ಸಂಜೆಯೊಳಗೆ ಹುಳಿನೀರು ಅದನ್ನು ನೆಕ್ಕಿ ಹೋಗುತ್ತಿತ್ತು. ಮತ್ತೆ ಕಟ್ಟಬೇಕು. ಕಟ್ಟಲು ತ್ರಾಣ ಬೇಕು. ತ್ರಾಣಕ್ಕೆ ಊಟ ಬೇಕು, ಮೊದಲಿನ ಎರಡರಷ್ಟು.

ಮೊದಲು ನಿಯಮ ಮುರಿದವಳು ಕುಸ್ಲಿಯ ಪಕ್ಕದ ಸಿಂಪಿ, ತಿಮ್ಮಕ್ಕ. ಅವಳು ಬಂಡೆಗೇ ಮೈ ಅಂಟಿಸಿಕೊಂಡು ಕೂತ ಹಿರಿಯಳು. ಮೂರನೆಯ ಅಲೆ ಬಂದಾಗ ಅವಳ ಬಾಯಿ ತೆರೆದೇ ಇತ್ತು.

"ತಿಮ್ಮಕ್ಕಾ, ಇದು ಮೂರನೇದು!" ಎಂದಳು ಕುಸ್ಲಿ.

"ಗೊತ್ತುಂಟು. ನಂಗೇನು ಎಣಿಸೋಕೆ ಬರ್ದಾ? ಇದೊಂದು ಸಲ."

ಆ ಒಂದು ಸಲ ಮುಗಿಯಲಿಲ್ಲ. ತಿಮ್ಮಕ್ಕನನ್ನು ನೋಡಿ ಅವಳ ಪಕ್ಕದವರು ತೆರೆದರು. ಅವರನ್ನು ನೋಡಿ ಅವರ ಪಕ್ಕದವರು. ನಾಲ್ಕು ದಿನ ಕುಸ್ಲಿ ಬಾಯಿ ಬಿಗಿಹಿಡಿದಳು. ಐದನೆಯ ದಿನ ಅವಳ ಚಿಪ್ಪಿನ ಅಂಚು ಉರಿಯತೊಡಗಿತು. ಇವತ್ತು ನಾನು ಉಂಡು ಗಟ್ಟಿಯಾಗುತ್ತೇನೆ, ನಾಳೆಯಿಂದ ನಾಗಿಗೆ ಬಿಡುತ್ತೇನೆ ಎಂದುಕೊಂಡು ಅವಳೂ ಮೂರನೆಯ ಅಲೆಗೆ ಬಾಯಿ ತೆರೆದಳು. ತಪ್ಪು ತಪ್ಪೇ. ಉರಿಗೆ ತೆರೆದರೂ, ಆಸೆಗೆ ತೆರೆದರೂ ಆಚೆಯ ಹೊಂಡಕ್ಕೆ ಹೋದದ್ದು ಬರಿ ನೀರು.

ನಾಳೆ ಬಂತು. ಕುಸ್ಲಿ ಮತ್ತೆ ಉಂಡಳು. ಉಂಡು ಉಂಡು ದುಂಡಗಾದಳು.

ಟಕ್, ಟಕ್ ಎನ್ನುತ್ತಿದ್ದ ಹೊಂಡ ಒಂದು ದಿನ ಟಪ್ ಎಂದಿತು. ಕೆಲವು ದಿನ ಕಳೆದು ತುಸು ಸದ್ದು, ಒಣಗಿದ ಎಲೆಗೆ ಎಲೆ ತಾಗಿದ ಹಾಗೆ. ಆಮೇಲೆ ಏನೂ ಇಲ್ಲ.

ಕುಸ್ಲಿ ಕಾದಳು. ಉಬ್ಬರ ಏರಿತು, ಇಳಿಯಿತು. ನೀರು ಬಿರುಕಿನಿಂದ ತಿರುಗಿ ಬಂತು, ಬರಿಗೈಯಲ್ಲಿ. ಟಕ್, ಟಕ್ ಎಂದು ಅವಳೇ ಬಡಿದಳು. ಅಲೆಗಳ ಗದ್ದಲದಲ್ಲಿ, ಪಕ್ಕದವರ ಹರಟೆಯಲ್ಲಿ, ಉಣ್ಣುತ್ತಿರುವಾಗಲೂ ಕೂಡ ಕುಸ್ಲಿಯ ಕಿವಿ ಆ ಬಿರುಕಿನಲ್ಲೇ. ಒಮ್ಮೆ ಬಡಿಯೇ ತಂಗಿ. ಜೋರಾಗಿ ಬೇಡ. ಒಮ್ಮೆ.

ಹಮ್ಮಣ್ಣ ಬಂದಾಗ ಅವಳಿಗೆ ಕೇಳಲು ಹೆದರಿಕೆಯಾಯಿತು. ಆದರೂ ಕೇಳಿದಳು.

"ಇದ್ದಾಳೆ," ಎಂದ ಹಮ್ಮಣ್ಣ. ಅವನು ಇವತ್ತು ತಮಾಷೆ ಮಾಡಲಿಲ್ಲ. "ಚಿಪ್ಪು ಎಷ್ಟು ತೆಳ್ಳಗಾಗಿದೆ ಅಂದ್ರೆ, ಈಚೆಯಿಂದ ನೋಡಿದ್ರೆ ಆಚೆ ಬೆಳಕು ಕಾಣ್ತದೆ. ಬಡಿದ್ರೆ ಒಡೆದುಹೋಗ್ತದೆ ಅಂತ ಬಡೀತಿಲ್ಲ."

"ಏನಾದ್ರೂ ಹೇಳಿದ್ಳಾ?"

"ಅಕ್ಕನಿಗೂ ಊಟ ಸಿಗ್ತಿಲ್ವಾ ಹಮ್ಮಣ್ಣಾ, ಅಂತ ಕೇಳಿದ್ಳು."

ಅಂದೇ ಕುಸ್ಲಿ ಮೂರನೆಯ ಅಲೆಗೆ ಬಾಯಿ ಮುಚ್ಚಿದಳು. ಮರುದಿನವೂ ಮುಚ್ಚಿದಳು. ತಿಮ್ಮಕ್ಕ ನಕ್ಕಳು.

"ಮುಚ್ಚೇ, ಮುಚ್ಚು! ನೀ ಬಿಟ್ಟ ತುತ್ತು ನನ್ನ ಬಾಯಿಗೇ ಬೀಳ್ತದೆ. ನಿನ್ನ ಧರ್ಮದಿಂದ ನಾ ದಪ್ಪಗಾಗ್ತೇನೆ."

ಮೂರು ದಿನ ಕಳೆದರೂ ಹೊಂಡದಿಂದ ಸದ್ದಿಲ್ಲ. ಕುಸ್ಲಿ ಕಡಲನ್ನೇ ಕೇಳಿದಳು.

"ಕಡಲಮ್ಮಾ, ನಿನ್ನ ಹುಳಿಯನ್ನು ಸ್ವಲ್ಪ ತೆಗೆ. ನನ್ನ ತಂಗಿ ಕರಗುತ್ತಿದ್ದಾಳೆ."

ಒಂದು ಅಲೆ ಬಂತು, ಹೋಯಿತು.

"ನನಗೆ ಬೇಡ ಎನ್ನಲು ಬರಲಿಲ್ಲ ಮಗಳೇ. ನುಂಗಿದ್ದನ್ನು ಉಗುಳಲೂ ಬರುವುದಿಲ್ಲ. ನನ್ನ ತಿಳಿನೀರು ನನಗೂ ಬೇಕು, ಅದರ ನೆನಪಿನಲ್ಲೇ ನಾನೂ ಇದ್ದೇನೆ. ಆದರೆ ನೋಡು, ಹುಳಿಯಲ್ಲೂ ಉಂಡವರು ಗೋಡೆ ಕಟ್ಟುತ್ತಿದ್ದಾರೆ. ಉಣ್ಣದವರದು ಕರಗುತ್ತಿದೆ. ಊಟವನ್ನು ನಾನು ಈಗಲೂ ತರುತ್ತಿದ್ದೇನೆ. ಅದು ಆಚೆಗೆ ಹೋಗಬೇಕು."

"ನಾನು ಬಾಯಿ ಮುಚ್ಚಿದ್ದೇನಲ್ಲ!"

ಇದನ್ನು ಕೇಳಿ ಹಮ್ಮಣ್ಣ ಬಂಡೆಯ ಮೇಲಿಂದ ಇಣುಕಿದ.

"ಬಾಯಿ ಮುಚ್ಚಿದ್ರೆ ಏನಾಯ್ತೇ? ನೀನೇ ಬೂಚಾಗಿ ಕೂತಿದ್ದೀಯಲ್ಲ!"

ಕುಸ್ಲಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಎಳ್ಳಿನಷ್ಟಿದ್ದಾಗ ಅವಳು ಬಿರುಕಿನ ಬಾಯಲ್ಲಿ ಕೂತರೆ ನೀರಿಗೆ ಅಡ್ಡಿಯಾಗುತ್ತಿರಲಿಲ್ಲ. ಈಗ ತಂಗಿಯ ಪಾಲು ತಿಂದು ತಿಂದು ದುಂಡಗಾದ ಮೈ ಬಿರುಕನ್ನೇ ಬಿರಡೆಯ ಹಾಗೆ ಮುಚ್ಚಿತ್ತು. ಅವಳ ಅಕ್ಕಪಕ್ಕದ ಎಳೆಯಷ್ಟು ಸಂದಿಯಿಂದ ನೀರು ಜಿನುಗುತ್ತಿತ್ತು, ಊಟ ದಾಟುತ್ತಿರಲಿಲ್ಲ. ಕಡಲಂಚಿನ ಅತ್ಯುತ್ತಮ ಜಾಗ ಅದು. ಅಲ್ಲಿ ಅವಳು ಬಾಯಿ ತೆರೆದರೂ ಒಂದೇ, ಮುಚ್ಚಿದರೂ ಒಂದೇ.

"ಹಾಗಾದ್ರೆ ಏಳ್ತೇನೆ," ಎಂದಳು ಕುಸ್ಲಿ.

ಬಂಡೆಯಿಡೀ ಗದ್ದಲವೆದ್ದಿತು.

"ಹುಚ್ಚಾ ನಿಂಗೆ?" ಎಂದಳು ತಿಮ್ಮಕ್ಕ. ಈಗ ಅವಳು ನಗುತ್ತಿರಲಿಲ್ಲ. "ಕಾಲೆತ್ತಿದವರು ಯಾರು ಉಳಿದಿದ್ದಾರೆ ಹೇಳು. ನಾ ಎಷ್ಟು ಜನರನ್ನ ನೋಡಿಲ್ಲ! ಅಲೆ ಎಳ್ಕೊಂಡು ಹೋಗ್ತದೆ. ಇಂಥಾ ಜಾಗ ಮತ್ತೆ ಸಿಗ್ತದಾ? ಉಂಡ್ಕೊಂಡು ಇರು ತಂಗೀ. ಎಲ್ಲರೂ ಇರ್ಲಿಲ್ವಾ ಹಾಗೇ?"

"ಎಲ್ಲರೂ ಉಣ್ತಿದ್ದಾರೆ," ಎಂದಳು ಕುಸ್ಲಿ. "ನನ್ನ ತಂಗಿ ಉಣ್ತಿಲ್ಲ."

ಮುಂದಿನ ಗೋಡೆಗೆಂದು ಅವಳು ಮೈಯೊಳಗೆ ಕೂಡಿಟ್ಟುಕೊಂಡದ್ದು ಬಹಳವಿತ್ತು. ಚಿಪ್ಪಿನ ಅಂಚು ಉರಿಯುತ್ತಿದ್ದರೂ ಅದನ್ನು ಗೋಡೆಗೆ ಮೆತ್ತಲಿಲ್ಲ. ಎಲ್ಲವನ್ನೂ ಕಾಲಿನ ಬುಡಕ್ಕೆ ತಂದಳು. ಅಲ್ಲಿಂದ ಜೇನಿನ ಹಾಗೆ ಅಂಟಂಟಾಗಿ ಒಂದು ಹನಿ ಹೊರಬಂತು. ಹನಿ ನೀರಿಗೆ ತಾಗಿ ಎಳೆಯಾಯಿತು. ಎಳೆ ಗಟ್ಟಿಯಾಗಿ ನೂಲಾಯಿತು. ಕಂದು ಬಣ್ಣದ, ಕೂದಲಿನಷ್ಟು ತೆಳ್ಳನೆಯ ನೂಲು. ಲೋಕದಲ್ಲಿ ಅಂಥದ್ದನ್ನು ಅದಕ್ಕೆ ಮೊದಲು ಯಾರೂ ನೋಡಿರಲಿಲ್ಲ. ಅದರ ತುದಿಯನ್ನು ಅವಳು ಬಿರುಕಿನ ಒಳಗೋಡೆಗೆ ಒತ್ತಿದಳು. ಅಂಟಿತು.

"ಇಷ್ಟು ಸಣ್ಣದು ತಡೀತದಾ?" ಎಂದ ಹಮ್ಮಣ್ಣ.

"ಗೊತ್ತಿಲ್ಲ," ಎಂದಳು ಕುಸ್ಲಿ.

ಮೊದಲ ಅಲೆ ಬಂತು. ಎಲ್ಲರೂ ಉಂಡರು. ಎರಡನೆಯದು ಬಂತು. ಎಲ್ಲರೂ ಉಂಡರು. ಮೂರನೆಯದು ದೂರದಲ್ಲಿ ಏಳುತ್ತಿದ್ದಂತೆ ಕರಿಬಂಡೆಯ ಮೇಲಿನ ಬಾಯಿಗಳೆಲ್ಲ ತೆರೆದವು. ಕುಸ್ಲಿ ಬಾಯಿ ಮುಚ್ಚಿ, ಬಂಡೆಗೆ ಬಿದ್ದಂದಿನಿಂದ ಊರಿದ್ದ ಕಾಲನ್ನು ಕಲ್ಲಿನಿಂದ ಎತ್ತಿದಳು. ಇಂದಿಗೂ ನೀರಿಳಿದ ಹೊತ್ತಿಗೆ ಬಂಡೆಯ ನೆರಳಿನ ಬದಿಗೆ ಹೋದರೆ ದೊಡ್ಡ ನೀಲಿಕಲ್ಲು ಚಿಕ್ಕದನ್ನು ಕಂದು ನೂಲಿನಿಂದ ಮೈಗೆ ಕಟ್ಟಿಕೊಂಡು, ಒಂದನ್ನು ಎಳೆದರೆ ಹತ್ತು ಬರುವಂತೆ ಗೊಂಚಲಾಗಿ ಕೂತಿರುವುದನ್ನು ಕಾಣುತ್ತೀರಲ್ಲ, ಮಕ್ಕಳೇ, ಅದು ಅಂದು ಕುಸ್ಲಿ ಜಾಗ ಬಿಟ್ಟು, ನೂಲಿನ ಮೇಲೆ ನೂಲು ಅಂಟಿಸುತ್ತ, ಆ ಬಿರುಕಿನೊಳಗೆ ತಂಗಿಯ ಕಡೆಗೆ ಇಳಿದು ಅವಳನ್ನು ಮುಟ್ಟಿದ್ದರ ಗುರುತು.