ಗುರವ್ವ ತಾಯಿಯವರ ಹುಣಸೆ ಕೊರಡು

ಗುಡ್ಡದ ಬಂಡೆಗಳ ನಡುವೆ, ಒಂದು ತಗಡಿನ ಜೋಪಡಿಯಲ್ಲಿ ಪೂಜ್ಯ ಗುರವ್ವ ತಾಯಿಯವರು ವಾಸವಾಗಿದ್ದರು. ಒಳಗೆ ಒಂದು ಕೊಡ, ಒಂದು ಕಂಬಳಿ, ಕುಳಿತುಕೊಳ್ಳಲು ಗೆದ್ದಲು ಹತ್ತಿದ ಹುಣಸೆಯ ಕೊರಡು. ಇಪ್ಪತ್ತು ವರ್ಷ ತಾಯಿಯವರು ಅದರ ಮೇಲೆಯೇ ಕುಳಿತಿದ್ದರು. ಭಕ್ತರು ಅದನ್ನು ಗದ್ದುಗೆಯೆಂದು ನಮಸ್ಕರಿಸುತ್ತಿದ್ದರು.

ಗುಡ್ಡದ ಕೆಳಗೆ, ಕುಣಿಸುವವರಿಂದ ಬಿಡಿಸಿ ತಂದ ಕರಡಿಗಳ ಆಶ್ರಯಧಾಮವಿತ್ತು. ಅಲ್ಲಿನ ಕಾವಲುಗಾರರಾದ ಮಕ್ತುಂಸಾಬರೂ ಹಿಂದೆ ಕರಡಿ ಕುಣಿಸಿದವರೇ. ತಮ್ಮ ಕರಡಿ ಜುಲೇಖಳನ್ನು ಅಲ್ಲಿಗೆ ತಂದಾಗ ಅವರೂ ಅವಳ ಹಿಂದೆಯೇ ಬಂದು ಕೆಲಸಕ್ಕೆ ನಿಂತಿದ್ದರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಅವರಿಗೆ ತಮ್ಮವರೆಂದು ಇದ್ದದ್ದು ಜುಲೇಖ ಮಾತ್ರ.

ಒಂದು ಮಧ್ಯಾಹ್ನ ಸಾಬರು ಗುಡ್ಡ ಹತ್ತಿ ಬಂದರು.

"ಜುಲೇಖ ನಾಕು ದಿನದಿಂದ ಉಂಡಿಲ್ಲ. ಡಾಕ್ಟರ್ ರೋಗಾ ಏನಿಲ್ಲ ಅಂತಾರ. ಹಿಂಗ ಇದ್ರ ಒಂದು ವಾರ ಉಳಿಯಾಂಗಿಲ್ಲ ಅಂತನೂ ಅಂತಾರ. ನೀವು ದೇವರ ಜೋಡಿ ಮಾತಾಡ್ತೀರಂತ. ನನಗೇನು ನಂಬಿಕಿ ಇಲ್ಲ. ಕರಡಿ ಜೋಡಿ ಮಾತಾಡ್ರಿ, ನೋಡೂಣು."

ತಾಯಿಯವರು ನಕ್ಕರು. "ಮೊದ್ಲ ನೋಡ್ತೀನಿ. ಮಾತು ಆಮ್ಯಾಲ."

ಮರುದಿನ ಬೆಳಗಿನಿಂದ ನಡುಹಗಲಿನವರೆಗೆ ಅವರು ಬೇಲಿಯ ಬಳಿ ಸುಮ್ಮನೆ ಕುಳಿತರು. ಜುಲೇಖ ಎಂಟು ಹೆಜ್ಜೆ ನಡೆಯುವಳು, ತಲೆ ಅಲ್ಲಾಡಿಸಿ ತಿರುಗುವಳು, ಮತ್ತೆ ಎಂಟು ಹೆಜ್ಜೆ. ಅಂಗಳ ಕಣದಂತೆ ನುಣುಪಾಗಿತ್ತು. ಒಂದು ಕಲ್ಲಿಲ್ಲ, ಒಂದು ಕಡ್ಡಿಯಿಲ್ಲ. ತಾಟಿನ ಗಂಜಿಗೆ ನೊಣ ಮುತ್ತಿದ್ದವು.

"ಇಷ್ಟು ಚೊಕ್ಕ ಯಾರು ಮಾಡ್ಯಾರ?"

"ನಾನ ರೀ. ಹನ್ನೊಂದು ವರ್ಷ ಇಕಿ ಮೂಗಿಗೆ ಹಗ್ಗ ಹಾಕಿ ದುಡಿಸೀನಿ. ಇನ್ನ ಇಕಿ ಒಂದು ಕಡ್ಡಿ ಸುದ್ದಾ ಎತ್ತಬಾರದು. ಗಂಜಿ ಮೂತಿ ಮುಂದ ತಂದಿಡ್ತೀನಿ."

"ಹಂಗಾದ್ರ ಮುಂಜಾನಿಂದ ಸಂಜಿತನಕ ಇಕಿ ಏನು ಮಾಡಬೇಕಪಾ?"

ಸಾಬರು ತಾಟಿನ ಮೇಲಿನ ನೊಣ ಓಡಿಸತೊಡಗಿದರು.

ತಾಯಿಯವರು ತಮ್ಮ ಕೊರಡನ್ನು ಗುಡ್ಡದಿಂದ ಇಳಿಸಿ ತರಲು ಹೇಳಿದರು. "ತಾಯೀ, ಗದ್ದುಗಿ!" ಎಂದು ಭಕ್ತರೊಬ್ಬರು ಗಾಬರಿಯಾದರು. "ನೆಲ ಐತಲ್ಲ," ಎಂದರು ತಾಯಿಯವರು. ಗೆದ್ದಲು ಕೊರೆದ ತೂತುಗಳಿಗೆ ತಾವೇ ಖರ್ಜೂರ ತುರುಕಿ, ಜೇನು ಸುರಿದು, ಅದನ್ನು ಜುಲೇಖಳ ಅಂಗಳದಲ್ಲಿ ಇಡಿಸಿದರು.

ಅಂದು ಜುಲೇಖ ಕೊರಡಿನ ಕಡೆ ನೋಡಲೂ ಇಲ್ಲ. "ಗದ್ದುಗಿನೂ ಹೋತು, ಜೇನೂ ಹೋತು," ಎಂದು ಸಾಬರು ಹಂಗಿಸಿದರು. ತಾಯಿಯವರು ಎದ್ದು ಹೋಗಲಿಲ್ಲ.

ಮರುದಿನ ಎಂಟನೆಯ ಹೆಜ್ಜೆಗೆ ಜುಲೇಖ ತಿರುಗಲಿಲ್ಲ. ಒಂಬತ್ತನೆಯದನ್ನು ಕೊರಡಿನ ಕಡೆಗೆ ಇಟ್ಟಳು. ಮೂಸಿದಳು. ಉಗುರು ಹಾಕಿ ಸೀಳಿದಳು. ತೂತಿಗೆ ಮೂತಿಯಿಟ್ಟು, ಕುಲುಮೆಯ ತಿದಿಯಂತೆ ಸದ್ದು ಮಾಡುತ್ತ ಹೀರತೊಡಗಿದಳು.

"ಮರಿ ಇದ್ದಾಗ ತಂದೀನಿ," ಎಂದರು ಸಾಬರು. "ಈ ಸಪ್ಪಳ ಒಮ್ಮೆನೂ ಕೇಳಿಲ್ಲ."

ಅವರು ಅವಳ ಹೆಸರು ಹಿಡಿದು ಕೂಗಿದರು. ಮತ್ತೊಮ್ಮೆ ಕೂಗಿದರು. ಜುಲೇಖ ತಲೆಯೆತ್ತಲಿಲ್ಲ. ಸಾಬರು ಬೇಲಿಗೆ ಹಣೆ ಹಚ್ಚಿ ಕುಳಿತರು. "ಬದುಕಿದಳು. ಆದ್ರ ನಾ ಬ್ಯಾಡಾದೆ."

ತಾಯಿಯವರು ಅವರ ತಲೆಯ ಮೇಲೆ ಕೈಯಿಟ್ಟರು. "ನಾಳಿ ಖರ್ಜೂರ ಎಲ್ಲಿ ಬಚ್ಚಿಡ್ತಿ? ಅದನ್ನ ವಿಚಾರ ಮಾಡು."

ಆ ದಿನದಿಂದ ಸಾಬರು ಅಂಗಳ ಗುಡಿಸುವುದನ್ನು ಬಿಟ್ಟರು. ಪ್ರತಿ ಬೆಳಿಗ್ಗೆ ಗುಡ್ಡ ಸುತ್ತಿ ಲಡ್ಡು ಹಿಡಿದು ಪೊಳ್ಳಾದ ಕಟ್ಟಿಗೆ, ಹುತ್ತದ ಹೆಂಟೆ ಆರಿಸಿ ತಂದು, ದಿನಕ್ಕೊಂದು ಜಾಗದಲ್ಲಿ ಖರ್ಜೂರ ಬಚ್ಚಿಡುತ್ತಿದ್ದರು. ಅವರ ಕಣ್ಣು ಹೋದ ಕಡೆಯೇ ಜುಲೇಖ ಹೋಗುತ್ತಾಳೆಂದು ತಿಳಿದ ಮೇಲೆ, ಬೇಲಿಗೆ ಬೆನ್ನು ಮಾಡಿ ಕೂರುವುದನ್ನು ಕಲಿತರು. ಜೋಪಡಿಗೆ ಬೇರೆ ಗದ್ದುಗೆ ಬರಲಿಲ್ಲ. ನೆಲದ ಮೇಲೆ ಕುಳಿತ ತಾಯಿಯವರಿಗೆ ಮೇಲಿನಿಂದ ದಿನವೂ ಸಾಬರು ಕಾಣುತ್ತಿದ್ದರು: ಒಬ್ಬರೇ, ಕಣ್ಣು ಮುಚ್ಚಿ, ಜುಲೇಖ ಹೀರುವ ಆ ಸದ್ದಿಗಾಗಿ ಕಾಯುತ್ತ, ದುವಾ ಬೇಡುವವರಂತೆ ಎರಡೂ ಅಂಗೈ ತೆರೆದು ಕುಳಿತವರು.